ಉಳಿ ಇಟ್ಟ ಜಾಗ

ಮರಿಸ್ವಾಮಿಯನ್ನು ನೋಡಿದೆ ಎನ್ನುವವರು ಚನ್ನಪಟ್ಟಣದಲ್ಲಿ ಈಗಲೂ ಸಿಗುತ್ತಾರೆ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯ ಗೇಟಿನಲ್ಲಿ ಸೆಕ್ಯುರಿಟಿಯವರ ನೀಲಿ ಅಂಗಿ ತೊಟ್ಟು ನಿಂತಿದ್ದನಂತೆ. ಸಾತನೂರಿನ ಬಸ್ ನಿಲ್ದಾಣದಲ್ಲಿ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದವನು ಗುರುತಿನವರನ್ನು ಕಂಡು ಮುಖ ತಿರುಗಿಸಿದನಂತೆ. ಮಾಗಡಿ ಕಡೆ ಮದುವೆಯಾಗಿದ್ದಾನೆ, ಒಂದು ಹೆಣ್ಣು ಮಗುವೂ ಇದೆ ಎಂದು ಇನ್ನೊಬ್ಬರು. ಹೇಳುವವರು ಯಾರೂ ಸುಳ್ಳುಗಾರರಲ್ಲ. ಕೊಲೆ ಮಾಡಿ, ಹುಚ್ಚನೆಂದು ಹೇಳಿಸಿಕೊಂಡು ಬಿಡುಗಡೆಯಾದವನು ಎಲ್ಲೋ ಒಂದು ಕಡೆ ಆರಾಮಾಗಿ ಇರಲೇಬೇಕು ಎಂದು ಅವರ ಮನಸ್ಸಿಗೆ ಖಾತ್ರಿಯಿತ್ತು. ಖಾತ್ರಿಯಿದ್ದದ್ದು ಕಣ್ಣಿಗೂ ಕಂಡಿತು.

ಈ ಎಂಟು ವರ್ಷಗಳಲ್ಲಿ ಮರಿಸ್ವಾಮಿ ಪೊಲೀಸರ ಕಾವಲಿಲ್ಲದೆ ಒಂದು ದಿನವೂ ಬೀಗದಿಂದ ಆಚೆ ಬಂದಿಲ್ಲ. ಆ ಬೀದಿಯಲ್ಲಿ ಇದು ಖಂಡಿತವಾಗಿ ಗೊತ್ತಿದ್ದವನು ಒಬ್ಬನೇ, ಬೊಂಬೆ ಮಾಡುವ ಶರೀಫ್. ಗೊತ್ತಿದ್ದೂ ಅವನು ಒಂದು ಸಲ ಕನಕಪುರದ ಬಸ್ಸು ಹತ್ತಿ, ಅಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಹಾರೋಹಳ್ಳಿಯ ಆ ಗೇಟಿನ ಎದುರು ಒಂದು ಗಂಟೆ ನಿಂತು ಬಂದ. ನೀಲಿ ಅಂಗಿಯ ಹುಡುಗ ಬೇರೆ ಯಾರೋ. ಅವನ ಮುಖವನ್ನು ಎರಡು ಸಲ ನೋಡಿ ಖಾತ್ರಿ ಮಾಡಿಕೊಂಡ ಮೇಲೂ, ಬಸ್ಸು ಬರುವವರೆಗೆ ಶರೀಫ್ ಆ ಗೇಟಿಗೆ ಬೆನ್ನು ಹಾಕಲಿಲ್ಲ. ಮನೆಗೆ ಬಂದು ಹೆಂಡತಿ ಸಾಬಿರಾಗೆ, ಮರ ನೋಡಲು ಹೋಗಿದ್ದೆ ಎಂದು ಹೇಳಿದ.

ಶರೀಫ್ ತೀರಿಕೊಂಡು ಐದು ತಿಂಗಳಾಯಿತು. ಅವನ ಬದುಕಿನಲ್ಲಿ ದೊಡ್ಡದು ಅನ್ನುವಂಥದ್ದೇನೂ ಇರಲಿಲ್ಲ, ಆ ಒಂದು ಮಂಗಳವಾರವನ್ನು ಬಿಟ್ಟರೆ. ಅದನ್ನು ಬಿಡಲು ಅವನಿಗೆ ಆಗಲಿಲ್ಲ.

ಒಂಬತ್ತನೇ ವಯಸ್ಸಿಗೆ ಅಪ್ಪನ ಪಕ್ಕ ಕೂತು ಕಲಿಯಲು ಶುರುಮಾಡಿದವನು. ಆಲೆ ಮರದ ತುಂಡನ್ನು ಲೇತಿಗೆ ಸಿಕ್ಕಿಸಿ, ತಿರುಗುವ ಮರಕ್ಕೆ ಉಳಿ ಕೊಟ್ಟು, ಬುಗುರಿಯೋ ಗಿಲಕಿಯೋ ಆಗುವವರೆಗೆ ತೆಗೆದು, ಮೇಲೆ ಬಣ್ಣದ ಅರಗಿನ ಕಡ್ಡಿ ಒತ್ತಿ, ತಾಳೆ ಗರಿಯಿಂದ ಉಜ್ಜಿ ಹೊಳಪು ತರುವ ಕೆಲಸ. ಇಪ್ಪತ್ತು ದಾಟುವ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಮಾಡಬಲ್ಲವನಾಗಿದ್ದ. ಹಾಗೆ ಒಂದು ದಿನ ಯಾರ ಜೊತೆಯೋ ಮಾತಾಡುತ್ತಾ, ಮೋಟರು ತಿರುಗುತ್ತಿರುವಾಗಲೇ ಉಳಿ ಹಿಡಿದು ಏಳಲು ಹೋಗಿ ಎಡಗೈ ಉಂಗುರದ ಬೆರಳಿನ ತುದಿ ಕಳೆದುಕೊಂಡ. ಆಮೇಲೆ ಅವನು ಯಾರಿಗೇ ಕೆಲಸ ಕಲಿಸಲಿ, ಮೊದಲ ಒಂದು ವಾರ ಮರ ಮುಟ್ಟಿಸುತ್ತಿರಲಿಲ್ಲ. ಕೂರು, ಏಳು, ಕೂರು, ಏಳು. ಏಳುವ ಪ್ರತಿ ಸಲವೂ ಒಂದೇ ಕ್ರಮ. "ಮೊದ್ಲು ಮೋಟರು, ಆಮೇಲೆ ಉಳಿ, ಆಮೇಲೆ ನೀನು." ಮೋಟರು ನಿಲ್ಲಿಸು, ಉಳಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿ ಗೋಡೆಯ ಹಲಗೆಯ ತೂತಿಗೆ ಇಡು, ಆಮೇಲಷ್ಟೇ ಜಾಗ ಬಿಟ್ಟೇಳು. ಯಾರ ಉಳಿ ಯಾರದು ಎಂದು ತಿಳಿಯಲು ಹಿಡಿಕೆಗೆ ಅರಗಿನ ಪಟ್ಟಿ ಇರುತ್ತಿತ್ತು. ಶರೀಫನದು ಹಸಿರು, ಕೆಂಪರಾಜುವಿನದು ಕೆಂಪು.

ಕೆಂಪರಾಜು ಸಾತನೂರಿನ ಹತ್ತಿರದ ಒಕ್ಕಲು ಮನೆಯವನು. ಹಿಪ್ಪುನೇರಳೆ ತೋಟ, ಎರಡು ಹಸು ಇದ್ದ ಮನೆ. ಸೊಪ್ಪು ಕೊಯ್ಯುವುದು ಬೇಸರವೆಂದು ಬೊಂಬೆ ಕೆಲಸ ಕಲಿಯಲು ಬಂದು ಶರೀಫನ ಪಕ್ಕದ ಲೇತಿನಲ್ಲಿ ಕೂತ. ನೇಗಿಲು ಹಿಡಿಯೋ ಕೈಗೆ ಗಿಲಕಿ ಆಗುತ್ತೇನ್ಲಾ ಎಂದು ಶರೀಫ್ ಮೊದಲ ದಿನ ರೇಗಿಸಿದ್ದಕ್ಕೆ, ನಿನ್ನ ಒಂಬತ್ತೂವರೆ ಬೆರಳಿಗೆ ಆದ್ರೆ ನನ್ನ ಹತ್ತಕ್ಕೆ ಆಗಲ್ವಾ ಎಂದು ತಿರುಗಿ ಹೇಳಿದ್ದ. ಅಲ್ಲಿಂದ ಮೂವತ್ತೊಂದು ವರ್ಷ ಜೊತೆಗಿದ್ದರು. ನಾಲ್ಕು ಲೇತಿನ ಒಂದು ಅಂಗಳದ ಕೆಲಸದ ಮನೆ ಇಬ್ಬರದೂ ಆಯಿತು. ರಂಜಾನಿನ ಸಂಜೆ ಕೆಂಪರಾಜುವಿನ ಹೆಂಡತಿ ಸರಸಮ್ಮ ಹಣ್ಣು ಹೆಚ್ಚಿ ಕಳಿಸುತ್ತಿದ್ದಳು. ಗೌರಿ ಹಬ್ಬಕ್ಕೆ ಸಾಬಿರಾ ಬಳೆ ತೊಡಿಸಿಕೊಂಡು ಬರುತ್ತಿದ್ದಳು. ಸರಸಮ್ಮ ಶರೀಫನನ್ನು ಅಣ್ಣ ಎಂದು ಕರೆದದ್ದು ಬಾಯಿಮಾತಿಗಲ್ಲ. ಅವಳ ಮಗಳು ದಿವ್ಯಾಗೆ ಅಕ್ಷರಾಭ್ಯಾಸದ ದಿನ ಸ್ಲೇಟಿನ ಮರದ ಚೌಕಟ್ಟನ್ನು ಮಾಡಿಕೊಟ್ಟವನು ಅವನೇ.

ಮರಿಸ್ವಾಮಿ ಕೆಂಪರಾಜುವಿನ ಅಕ್ಕನ ಮಗ. ಹದಿನೆಂಟಕ್ಕೆ ಊರಿಂದ ಬಂದು ಮಾವನ ಮನೆಯಲ್ಲೇ ಇದ್ದು ಕೆಲಸ ಕಲಿತ. ಹಳದಿ ಪಟ್ಟಿಯ ಉಳಿ ಅವನದು. ಅಂಥ ಕೈ ತಾನು ನೋಡಿಲ್ಲ ಎಂದು ಶರೀಫ್ ಹೇಳುತ್ತಿದ್ದ. ಅವನು ಮಾಡಿದ ಬುಗುರಿ ತಿರುಗುವಾಗ ನಿಂತಿದೆಯೇನೋ ಅನ್ನಿಸುತ್ತಿತ್ತು.

ಇಪ್ಪತ್ಮೂರನೇ ವರ್ಷದಲ್ಲಿ ಅವನು ಮಾತು ಕಡಿಮೆ ಮಾಡಿದ. ಆಮೇಲೆ ಮೋಟರಿನ ಜೊತೆ ಮಾತಾಡಲು ಶುರುಮಾಡಿದ. ಊಟದ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ ಹಾಗೇ ಎದ್ದುಹೋಗುತ್ತಿದ್ದ. ಕೆಂಪರಾಜು ಮತ್ತು ಶರೀಫ್ ಅವನನ್ನು ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಹೋದರು. ಆಗ ಮರಿಸ್ವಾಮಿಯ ತಂಗಿಗೆ ಗಂಡು ಗೊತ್ತಾಗುತ್ತಿತ್ತು. ಗಂಡಿನ ಕಡೆಯವರೊಬ್ಬರು ಅದೇ ಆಸ್ಪತ್ರೆಯಲ್ಲಿ ಅಟೆಂಡರು. ಚೀಟಿ ಬರೆಸುವ ಕಿಟಕಿಯಲ್ಲಿ ಹೆಸರು ಕೇಳಿದಾಗ ಕೆಂಪರಾಜು ಆ ಕಡೆ ಈ ಕಡೆ ನೋಡಿ ತನ್ನ ಹೆಸರನ್ನೇ ಬರೆಸಿದ. ವಯಸ್ಸು ಮಾತ್ರ ಹುಡುಗನದು. ಹೊರಗೆ ಬಂದು ಶರೀಫನಿಗೆ ಹೇಳಿದ: "ನಂಗೆ ಹುಚ್ಚು ಅಂದ್ರೆ ಯಾರ ಮದ್ವೆ ನಿಲ್ತೈತ್ಲಾ? ನಂದಂತೂ ಆಗೋಗೈತೆ." ಇಬ್ಬರೂ ನಕ್ಕರು.

ಮಾತ್ರೆಗಳಿಂದ ಹುಡುಗ ಸರಿಹೋದ. ಎರಡು ತಿಂಗಳಿಗೆ ಊಟ, ನಿದ್ದೆ, ನಗು ಎಲ್ಲಾ ಬಂತು. ಆದರೆ ಕೈ ನಡುಗಲು ಶುರುವಾಯಿತು. ಲೇತಿನಲ್ಲಿ ನಡುಗುವ ಕೈ ಅಂದರೆ ಮರ ಹಾಳಾಗುವುದಷ್ಟೇ ಅಲ್ಲ; ಉಳಿ ಸಿಕ್ಕಿಕೊಂಡು ಹಾರಿದರೆ ಕಣ್ಣೋ ಕೊರಳೋ ಹೋಗುತ್ತದೆ. ನಡುಕ ಬಂದರೆ ಕರೆದುಕೊಂಡು ಬನ್ನಿ, ಅದಕ್ಕೂ ಮದ್ದಿದೆ ಎಂದು ಡಾಕ್ಟರು ಹೇಳಿದ್ದರು. ಮತ್ತೆ ಆ ಕಿಟಕಿ, ಮತ್ತೆ ಆ ಅಟೆಂಡರು ಎಂದು ಕೆಂಪರಾಜು ಹಿಂದೇಟು ಹಾಕಿದ. ಮರಿಸ್ವಾಮಿ ಮೂರು ಗಿಲಕಿ ಹಾಳುಮಾಡಿ ತಲೆ ತಗ್ಗಿಸಿ ಕೂತಿದ್ದ ದಿನ, ಮೇಸ್ತ್ರಿಯ ದನಿಯಲ್ಲಿ ಹೇಳಿದವನು ಶರೀಫ್.

"ಈಗ ಚೆನ್ನಾಗವ್ನಲ್ಲ. ಆ ಮಾತ್ರೆ ಒಸಿ ನಿಲ್ಸು ರಾಜು. ಈ ಕೈಯಲ್ಲಿ ಉಳಿ ಕೊಟ್ರೆ ನಂಗೆ ಭಯ ಆಯ್ತದೆ."

ಉಳಿಯ ಭಯಕ್ಕೆ ಮಾತ್ರೆ ನಿಂತಿತು. ಹತ್ತು ದಿನದಲ್ಲಿ ಕೈ ನೆಟ್ಟಗಾಯಿತು. ಎಲ್ಲರಿಗೂ ಸಂತೋಷವಾಯಿತು.

ಆರು ತಿಂಗಳು ಕಳೆದ ಮೇಲೆ ಮರಿಸ್ವಾಮಿ ಒಂದು ಮಧ್ಯಾಹ್ನ ಶರೀಫನನ್ನು ಪಕ್ಕಕ್ಕೆ ಕರೆದು, ಗುಟ್ಟು ಹೇಳುವ ಹಾಗೆ, ಅಂಗಳದಲ್ಲಿ ಮರ ಆರಿಸುತ್ತಿದ್ದ ಕೆಂಪರಾಜುವನ್ನು ತೋರಿಸಿದ. ಅವ್ರು ಮಾವ ಅಲ್ಲ ಸಾಬ್ರೇ, ಅಂದ. ಮಾವನ ಮುಖ ಹಾಕ್ಕೊಂಡು ಬೇರೆ ಯಾರೋ ಬಂದವ್ರೆ. ನಿಜವಾದ ಮಾವನ್ನ ಎಲ್ಲೋ ಕೂಡಿಹಾಕವ್ರೆ. ಶರೀಫ್ ಅದನ್ನು ಕೆಂಪರಾಜುವಿಗೆ ಹೇಳಿದಾಗ ಅವನು ತನ್ನ ಮೀಸೆ ಎಳೆದು ನೋಡಿಕೊಂಡು, ಅಂಟು ಗಟ್ಟಿಯಾಗೇ ಐತೆ ಅಂದ. ಆಷಾಢ ಕಳೆಯಲಿ, ಮತ್ತೆ ಆಸ್ಪತ್ರೆಗೆ ಹೋಗೋಣ ಎಂದು ಮಾತಾಯಿತು.

ಆಷಾಢ ಕಳೆಯಲಿಲ್ಲ. ಒಂದು ಮಂಗಳವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ ಕೆಂಪರಾಜು ಬಾಗಿ ಮರದ ತುಂಡು ಎತ್ತಿಕೊಳ್ಳುತ್ತಿದ್ದಾಗ ಮರಿಸ್ವಾಮಿ ಹಿಂದಿನಿಂದ ಬಂದು ಅವನ ಕುತ್ತಿಗೆಗೆ ಎರಡು ಸಲ ಉಳಿ ಹಾಕಿದ. ಅಷ್ಟೇ. ಕೂಗಿಲ್ಲ, ಜಗಳವಿಲ್ಲ. ಆಮೇಲೆ ತನ್ನ ಲೇತಿಗೆ ಹಿಂತಿರುಗಿದ. ಮೋಟರು ನಿಲ್ಲಿಸಿದ. ಉಳಿಯನ್ನು ಎಣ್ಣೆಬಟ್ಟೆಯಲ್ಲಿ ಒರೆಸಿದ. ಹಲಗೆಯ ತನ್ನ ತೂತಿಗೆ ಇಟ್ಟ. ಶರೀಫನ ಕಡೆ ತಿರುಗಿ, ಹಗುರಾದವನ ಹಾಗೆ, ಒಂದು ಮಾತು ಕೇಳಿದ.

ಆ ಮಾತನ್ನು ಶರೀಫ್ ಪೊಲೀಸರಿಗೆ ಹೇಳಲಿಲ್ಲ. ಏನು ನಡೆಯಿತು ಎಂದು ಅವರು ಕೇಳಿದರು, ನಡೆದದ್ದನ್ನು ಅವನು ಹೇಳಿದ. ಚುಚ್ಚಿದ, ಮೋಟರು ನಿಲ್ಲಿಸಿದ, ಉಳಿ ಒರೆಸಿ ಜಾಗಕ್ಕೆ ಇಟ್ಟ. ಅವರು ಬರೆದುಕೊಂಡರು, ಅವನು ರುಜು ಹಾಕಿದ.

ಈ ಮೂರು ಸಾಲು ಸಂಜೆಯೊಳಗೆ ಊರು ತುಂಬಿತು. ಬೀದಿಯ ಕೊನೆಯಲ್ಲಿ ಟೀ ಅಂಗಡಿ ಇಟ್ಟಿದ್ದ ಮುನಿಯಪ್ಪ, ಲೋಟ ತೊಳೆಯುತ್ತಾ ಬಂದವರಿಗೆಲ್ಲ ವಿವರಿಸುತ್ತಿದ್ದ: "ಹುಚ್ಚನಾದ್ರೆ ಉಳಿ ಎಸ್ದು ಬಟ್ಟೆ ಹರ್ಕೊಂಡು ಓಡ್ಬೇಕಿತ್ತು ಕಣ್ಲಾ. ಒರ್ಸಿ ಇಟ್ಟವ್ನೆ. ಕರೆಕ್ಟಾಗಿ ಅವ್ನ ತೂತಿಗೇ ಇಟ್ಟವ್ನೆ. ಲೆಕ್ಕಾಚಾರದ ಆಸಾಮಿ." ಮುಂದಿನದ್ದೂ ಎಲ್ಲರಿಗೂ ಗೊತ್ತಿತ್ತು. ವಕೀಲ ಒಬ್ಬ ಸಿಗುತ್ತಾನೆ, ಡಾಕ್ಟರ ಹತ್ತಿರ ಒಂದು ಚೀಟಿ ಬರೆಸುತ್ತಾನೆ, ಆರು ತಿಂಗಳಲ್ಲಿ ಇವನು ಇಲ್ಲೇ ಬಂದು ಟೀ ಕುಡಿಯುತ್ತಾನೆ. ಸಿನಿಮಾದಲ್ಲಿ ಹಾಗೇ ಆಗುತ್ತದೆ. ಟೀವಿಯಲ್ಲೂ ಹಾಗೇ ಹೇಳುತ್ತಾರೆ. ವಿಚಾರಣೆ ಎದುರಿಸುವ ಸ್ಥಿತಿಯಲ್ಲಿ ಆರೋಪಿ ಇಲ್ಲವೆಂದು ಕೋರ್ಟು ಕೇಸನ್ನು ಮುಂದೆ ಹಾಕಿ ಅವನನ್ನು ಚಿಕಿತ್ಸೆಗೆ ಕಳಿಸಿದಾಗ, ನೋಡಿದ್ರಾ, ಶುರುವಾಯ್ತು ನಾಟಕ ಅಂದರು. ಎರಡು ವರ್ಷ ಹಾಗೇ ಹೋಯಿತು. ಅಷ್ಟೂ ದಿನ ಮರಿಸ್ವಾಮಿ ಜೈಲು, ಜೈಲಿನಿಂದ ಆಸ್ಪತ್ರೆ ಎಂದು ಬೀಗದೊಳಗೇ ಇದ್ದ ಅನ್ನುವುದನ್ನು ಯಾರೂ ಗಮನಿಸಲಿಲ್ಲ.

ಶರೀಫನೂ ಅವರಂತೆಯೇ ನಂಬಿದ್ದ. ನಂಬದೆ ಇರುವುದು ಕಷ್ಟವಿತ್ತು. ಹುಡುಗನಿಗೆ ಬುದ್ಧಿ ಸ್ವಾಧೀನದಲ್ಲಿತ್ತು ಎಂದಾದರೆ ತಪ್ಪು ಹುಡುಗನದು. ಇರಲಿಲ್ಲ ಎಂದಾದರೆ, ಮಾತ್ರೆ ನಿಲ್ಲಿಸು ಎಂದವನು ಯಾರು ಎಂಬ ಪ್ರಶ್ನೆ ಬರುತ್ತಿತ್ತು. ಅದು ಬರದ ಹಾಗೆ ಅವನು ಬಾಗಿಲು ಹಾಕಿಕೊಂಡಿದ್ದ. ನೇಣಾಗಲಿ ಎಂದು ಸರಸಮ್ಮ ಅತ್ತಾಗ ಅವನೂ ಆಗಲಿ ಅಂದಿದ್ದ.

ಮೂರನೆಯ ವರ್ಷ ವಿಚಾರಣೆ ಶುರುವಾಗುವ ಮೊದಲು, ಆರೋಪಿಯ ಪರವಾಗಿ ಸರ್ಕಾರವೇ ಕೊಟ್ಟ ವಕೀಲೆ ಕೆಲಸದ ಮನೆಗೆ ಬಂದಳು. ಸಿರಿ ಎಂದು ಹೆಸರು. ಚಿಕ್ಕ ವಯಸ್ಸು, ಬ್ಯಾಗಿನ ತುಂಬ ಕಾಗದ. ಶರೀಫ್ ಅವಳನ್ನು ಕೂರಲೂ ಹೇಳಲಿಲ್ಲ. ಚೀಟಿ ಬರೆಸಿ ಬಿಡಿಸಿಕೊಂಡು ಹೋಗುತ್ತೀರಿ ತಾನೆ, ಹೋಗಿ ಅಂದ. ಅವಳು ನಿಂತುಕೊಂಡೇ ಹೇಳಿದಳು: ಚೀಟಿ ಸಾಲುವುದಿಲ್ಲ. ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದರೂ ಸಾಲುವುದಿಲ್ಲ. ಆ ದಿನ, ಆ ಗಳಿಗೆಯಲ್ಲಿ, ತಾನು ಮಾಡುತ್ತಿರುವುದು ಏನು ಅಥವಾ ಅದು ತಪ್ಪು ಎಂದು ತಿಳಿಯುವ ಸ್ಥಿತಿ ಅವನಿಗೆ ಇರಲಿಲ್ಲ ಎಂದು ನಾವೇ ತೋರಿಸಬೇಕು. ಈ ವಾದ ಹೂಡುವವರೇ ಕಡಿಮೆ. ಹೂಡಿದರೂ ಹೆಚ್ಚಿನವು ಬಿದ್ದುಹೋಗುತ್ತವೆ. ಇವನದೂ ಬೀಳುತ್ತದೆ. ಕೊಲೆಗೆ ಮುಂಚೆ ಇವನು ಯಾವ ಆಸ್ಪತ್ರೆಗೂ ಹೋದ ದಾಖಲೆಯಿಲ್ಲ. ಆಮೇಲೆ, ಉಳಿ ಒರೆಸಿ ಇಟ್ಟ ಎಂದು ನಿಮ್ಮ ಹೇಳಿಕೆ ಇದೆ.

ಹಾಗೆ ಹೇಳುತ್ತಾ ಅವಳು ಪೊಲೀಸರ ಫೋಟೋ ಒಂದನ್ನು ಲೇತಿನ ಮೇಲೆ ಇಟ್ಟಳು. ಗೋಡೆಯ ಹಲಗೆಯದು. ಕೊಲೆಯಾದ ಒಂದು ಗಂಟೆಯಲ್ಲಿ ತೆಗೆದದ್ದು.

ಶರೀಫ್ ಅದನ್ನು ನೋಡಿದ. ಹಳದಿ ಪಟ್ಟಿಯ ಉಳಿ ತನ್ನ ತೂತಿನಲ್ಲಿತ್ತು. ಅದರ ಪಕ್ಕದಲ್ಲಿ ಹಸಿರು ಪಟ್ಟಿಯದು, ಅದರ ತೂತಿನಲ್ಲಿ.

ಬಹಳ ಹೊತ್ತು ನೋಡಿದ. ಆ ಬೆಳಿಗ್ಗೆ ಅವನು ಗಿಲಕಿಯೊಂದರ ಕುತ್ತಿಗೆ ತೆಗೆಯುತ್ತಿದ್ದ. ಉಳಿ ಕೈಯಲ್ಲಿತ್ತು, ಮೋಟರು ತಿರುಗುತ್ತಿತ್ತು. ಕೆಂಪರಾಜು ಬಿದ್ದ. ಅವನು ಓಡಿಹೋಗಿ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡ. ಅಷ್ಟೇ ಅವನಿಗೆ ನೆನಪಿದ್ದದ್ದು. ಮೋಟರನ್ನು ಯಾವಾಗ ನಿಲ್ಲಿಸಿದ? ಉಳಿಯನ್ನು ಯಾವಾಗ ಒರೆಸಿದ? ಎಣ್ಣೆಬಟ್ಟೆ ಎಲ್ಲಿತ್ತು? ಬೇರೆ ಯಾರೂ ಅವನ ಉಳಿ ಮುಟ್ಟುವವರಲ್ಲ. ಪೊಲೀಸರು ಬರುವವರೆಗೆ ಅಲ್ಲಿ ಬೇರೆ ಯಾರೂ ಇರಲೂ ಇಲ್ಲ. ಮೂವತ್ತೊಂದು ವರ್ಷದ ಗೆಳೆಯ ನೆಲದ ಮೇಲೆ ರಕ್ತ ಬಿಡುತ್ತಿದ್ದಾಗ ಶರೀಫ್ ಮೊದಲು ಮೋಟರು, ಆಮೇಲೆ ಉಳಿ, ಆಮೇಲೆ ತಾನು ಎಂದು ಎದ್ದಿದ್ದ. ಅವನ ಕೈ ಅದನ್ನು ಅವನಿಗೆ ತಿಳಿಸದೆ ಮಾಡಿತ್ತು.

"ನಿಮ್ಗೆ ಏನಾದ್ರೂ ಜ್ಞಾಪಕ ಬಂತಾ?" ಎಂದು ಸಿರಿ ಕೇಳಿದಳು.

ಇಲ್ಲ ಅಂದ. ನಿಜವೇ. ಜ್ಞಾಪಕ ಬಂದಿರಲಿಲ್ಲ, ಕೊನೆಯವರೆಗೂ ಬರಲೂ ಇಲ್ಲ.

ಅಂದಿನಿಂದ ಅವನಿಗೆ ಕೆಲಸ ಮಾಡುವುದು ಆಗಲಿಲ್ಲ. ಲೇತಿನ ಮುಂದೆ ಕೂತು ಏಳುವನು, ಕೈಯನ್ನು ನೋಡುವನು. ಮೋಟರು ನಿಲ್ಲಿಸದೆ ಏಳಲು ಪ್ರಯತ್ನಿಸಿದ, ಆಗಲಿಲ್ಲ. ಕೈ ತಾನಾಗಿ ಗುಂಡಿಗೆ ಹೋಗುತ್ತಿತ್ತು. ಅವನಿಗೆ ಹುಡುಗನ ಕೈ ಕಾಣುತ್ತಿತ್ತು, ಅದಕ್ಕೆ ಆ ಪಾಠ ಹೇಳಿಕೊಟ್ಟ ತನ್ನ ಕೈ ಕಾಣುತ್ತಿತ್ತು. ಊರೆಲ್ಲ ಲೆಕ್ಕಾಚಾರ ಎಂದು ಕರೆದದ್ದು ಅವನ ಪಾಠ.

ಕೋರ್ಟಿಗೆ ಎಂಟು ದಿನ ಇತ್ತು. ಹೇಳಿದ್ದನ್ನೇ ಹೇಳಿ ಇಳಿದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲ. ಉಳಿದದ್ದನ್ನೂ ಹೇಳಿದರೆ, ಕೆಂಪರಾಜು ಹೆಸರು ಬದಲಿಸಿ ಕಾಯಿಲೆ ಮುಚ್ಚಿಟ್ಟದ್ದನ್ನು ಹೇಳಬೇಕು. ಸತ್ತವನು ಬಂದು ಉತ್ತರ ಕೊಡುವಂತಿಲ್ಲ. ಚೀಟಿಯಲ್ಲಿ ಕೆಂಪರಾಜು ಎಂದಿದೆ; ಹುಚ್ಚು ಇದ್ದದ್ದು ಅಪ್ಪನಿಗೇ ಎಂದು ಗುಡೇಮಾರನಹಳ್ಳಿಯಲ್ಲಿ ದಿವ್ಯಾಳ ಗಂಡನ ಮನೆಯವರು ಮಾತಾಡಬಹುದು. ತನ್ನ ಮಾತಿನಿಂದ ಮಾತ್ರೆ ನಿಂತದ್ದನ್ನು ಸರಸಮ್ಮನ ಎದುರು ಹೇಳಬೇಕು. ಅವನು ಸರಸಮ್ಮನಿಗೆ ಮೊದಲೇ ತಿಳಿಸೋಣವೆಂದು ಎರಡು ಸಲ ಅವಳ ಬಾಗಿಲಿಗೆ ಹೋದ. ಎರಡು ಸಲವೂ ಅವಳು ಕಾಫಿ ಕೊಟ್ಟಳು. ಎರಡು ಸಲವೂ ಕುಡಿದು ಬಂದ.

ರಾಮನಗರದ ಕೋರ್ಟಿಗೆ ಸರಸಮ್ಮ, ಸಾಬಿರಾ, ಶರೀಫ್ ಮೂವರೂ ಒಂದೇ ರೈಲಿನಲ್ಲಿ ಹೋದರು. ಸರಸಮ್ಮ ಬುತ್ತಿ ಕಟ್ಟಿ ತಂದಿದ್ದಳು.

ಸರ್ಕಾರಿ ವಕೀಲರು ಕೇಳಿದ್ದಕ್ಕೆ ಶರೀಫ್ ಆ ಮೂರು ಸಾಲನ್ನು ಹೇಳಿದ. ಆಮೇಲೆ ಸಿರಿ ಎದ್ದು, ಆರೋಪಿಗೆ ಮುಂಚೆ ಏನಾದರೂ ಚಿಕಿತ್ಸೆ ಆಗಿತ್ತೇ ಎಂದು, ಉತ್ತರ ಗೊತ್ತಿಲ್ಲದವರ ದನಿಯಲ್ಲಿ ಕೇಳಿದಳು. ಶರೀಫ್ ಹಿಂದಿನ ಬೆಂಚಿನ ಕಡೆ ನೋಡಲಿಲ್ಲ. ಆಗಿತ್ತು ಅಂದ. ಒಂದೊಂದಾಗಿ ಹೇಳಿದ. ಚೀಟಿಯ ಹೆಸರು, ಯಾಕೆ ಆ ಹೆಸರು, ಕೈ ನಡುಗಿದ್ದು, ಮಾತ್ರೆ ನಿಲ್ಲಿಸು ಎಂದದ್ದು ತಾನು ಎಂಬುದು. ಮಾವ ಅಲ್ಲ, ಮಾವನ ಮುಖ ಹಾಕ್ಕೊಂಡವರು ಎಂದು ಹುಡುಗ ಹೇಳಿದ್ದು. ಹಾಗಾದರೆ ಉಳಿ ಒರೆಸಿ ಜಾಗಕ್ಕೆ ಇಟ್ಟನಲ್ಲ, ಅಷ್ಟು ಬುದ್ಧಿ ಹೇಗಿತ್ತು ಎಂದು ನ್ಯಾಯಾಧೀಶರೇ ಕೇಳಿದರು.

"ನಾನೂ ಇಟ್ಟಿದ್ದೆ ಸ್ವಾಮಿ," ಅಂದ ಶರೀಫ್. "ಫೋಟೋದಾಗೆ ಹಸಿರು ಪಟ್ಟಿದು ನಂದು. ರಾಜು ಬಿದ್ದಿದ್ನಲ್ಲ, ಅವಾಗ. ಯಾವಾಗ ಇಟ್ಟೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಬುದ್ಧಿ ಇಡಲ್ಲ ಸ್ವಾಮಿ ಅದನ್ನ. ಕೈ ಇಡ್ತೈತೆ."

ನ್ಯಾಯಾಧೀಶರು ಅದನ್ನು ಬರೆಸಿದರು. ಆಮೇಲೆ, ಉಳಿ ಇಟ್ಟ ನಂತರ ಆರೋಪಿ ಏನಾದರೂ ಅಂದನೇ ಎಂದು ಸಿರಿ ಕೇಳಿದಳು.

"ಅಂದ. 'ಸಾಬ್ರೇ, ಈಗ ಮಾವ ಬತ್ತಾರಾ?' ಅಂದ."

ಕಟಕಟೆಯಲ್ಲಿ ನಿಂತಿದ್ದ ಮರಿಸ್ವಾಮಿ ಆ ಮಾತಿಗೆ ತಲೆಯೆತ್ತಿದ. ಉತ್ತರಕ್ಕೆ ಕಾಯುತ್ತಿದ್ದವನ ಹಾಗೆ ಶರೀಫನನ್ನು ನೋಡಿದ.

ಸಂಜೆ ರೈಲಿನಲ್ಲಿ ಸರಸಮ್ಮ ಬೇರೆ ಬೋಗಿ ಹತ್ತಿದಳು. ಬುತ್ತಿ ಬಿಚ್ಚದೆ ಅವಳ ಕೈಯಲ್ಲೇ ಇತ್ತು. ಚನ್ನಪಟ್ಟಣದಲ್ಲಿ ಇಳಿದ ಮೇಲೆ ಶರೀಫ್ ಅವಳ ಹಿಂದೆ ಹೋಗಿ, ತಂಗಿ ಎಂದು ಕರೆದ. ಅವಳು ನಿಂತಳು.

"ಸುಳ್ಳು ಹೇಳ್ದೆ ಅಂತ ನಾನನ್ನಲ್ಲ ಶರೀಫಣ್ಣ," ಅಂದಳು. "ನಮ್ಮನೆಯವ್ರೇ ಬಂದು ಹೇಳ್ದಂಗಿತ್ತು. ಅದ್ಕೇ ತಡಿಯಾಕಾಯ್ತಿಲ್ಲ. ಇನ್ಮೇಲೆ ನಮ್ಮನೆ ಬಾಗ್ಲಿಗೆ ಬರ್ಬ್ಯಾಡ."

ಅವನು ಹೋಗಲಿಲ್ಲ. ನಾಲ್ಕು ಮನೆ ಆಚೆ ಇದ್ದ ಬಾಗಿಲು ಅದು.

ತೀರ್ಪು ಬಂದಾಗ ಬೀದಿ ಒಂದು ಪದವನ್ನು ಮಾತ್ರ ಕೇಳಿಸಿಕೊಂಡಿತು, ಬಿಡುಗಡೆ ಎಂದು. ತೀರ್ಪಿನಲ್ಲಿ ಇನ್ನೂ ಎರಡು ಮಾತಿದ್ದವು. ಕೊಂದದ್ದು ಇವನೇ ಎಂದಿತ್ತು. ಇವನನ್ನು ಸುರಕ್ಷಿತ ವಶದಲ್ಲಿ ಇಡತಕ್ಕದ್ದು ಎಂದಿತ್ತು. ಸಿರಿ ಅದನ್ನು ಶರೀಫನಿಗೆ ಬಿಡಿಸಿ ಹೇಳಿದಳು. ಜೀವಾವಧಿಯಾಗಿದ್ದರೆ ಕಳೆದ ವರ್ಷ, ಉಳಿದ ವರ್ಷ ಎಂದು ಎಣಿಸಬಹುದಿತ್ತು, ಇದಕ್ಕೆ ಎಣಿಕೆಯಿಲ್ಲ. ವಾಸಿಯಾಗಿದ್ದಾನೆ, ಇವನಿಂದ ಯಾರಿಗೂ ಅಪಾಯವಿಲ್ಲ ಎಂದು ಡಾಕ್ಟರುಗಳು ಬರೆಯಬೇಕು. ಅದಾದ ಮೇಲೂ, ನಾನು ನೋಡಿಕೊಳ್ಳುತ್ತೇನೆ ಎಂದು ಯಾರಾದರೂ ಬಂದು ಹೊಣೆ ಹೊರಬೇಕು. ಮರಿಸ್ವಾಮಿಯ ತಾಯಿ ಆ ವರ್ಷವೇ ತೀರಿಕೊಂಡಳು. ತಂಗಿಯ ಗಂಡನ ಮನೆಯವರು, ತಮ್ಮ ಸೊಸೆಗೆ ಅಂಥ ಅಣ್ಣನೇ ಇಲ್ಲ ಅಂದರು.

ಶರೀಫ್ ಇದನ್ನು ಮುನಿಯಪ್ಪನ ಅಂಗಡಿಯಲ್ಲಿ ಹೇಳಿ ನೋಡಿದ. ಅವರು ಕೇಳಿದರು, ತಲೆಯಾಡಿಸಿದರು. "ಆಯ್ತು ಬುಡಿ ಸಾಬ್ರೇ, ನೀವೇ ಬಿಡಿಸ್ಬುಟ್ರಿ, ನೀವ್ ಹೇಳ್ದಂಗೇ ಇರ್ಲಿ," ಅಂದ ಮುನಿಯಪ್ಪ, ಕೆಟ್ಟ ದನಿಯಲ್ಲೇನಲ್ಲ. ಮುಂದಿನ ತಿಂಗಳಿಂದ ಮರಿಸ್ವಾಮಿ ಊರವರ ಕಣ್ಣಿಗೆ ಅಲ್ಲಲ್ಲಿ ಕಾಣಿಸಿಕೊಳ್ಳಲು ಶುರುಮಾಡಿದ.

ಶರೀಫ್ ತಿಂಗಳಿಗೊಮ್ಮೆ, ಎರಡನೇ ಬುಧವಾರ, ಬೆಂಗಳೂರಿನ ಜೈಲಿಗೆ ಹೋಗಿ ಅವನನ್ನು ನೋಡಿ ಬರುತ್ತಿದ್ದ. ಯಾಕೆ ಎಂದು ಸಾಬಿರಾ ಕೇಳಿದರೆ, ಕಲಿಸಿದವನು ನಾನಲ್ಲವಾ ಅನ್ನುತ್ತಿದ್ದ. ಜಾಲರಿಯ ಆಚೆ ಮರಿಸ್ವಾಮಿ ದಪ್ಪಗಾಗಿದ್ದ, ನಿಧಾನವಾಗಿದ್ದ. ಮಳೆಯ ಬಗ್ಗೆ ಕೇಳುವನು, ಬುಗುರಿಗೆ ಈಗ ಯಾವ ಬಣ್ಣ ಹಾಕ್ತೀರಿ ಎಂದು ಕೇಳುವನು. ಹೊರಡುವ ಹೊತ್ತಿಗೆ ಪ್ರತಿ ಸಲವೂ ಕೇಳುವನು: "ಮಾವ ಬಂದ್ರಾ ಸಾಬ್ರೇ?" ಶರೀಫ್ ಇಲ್ಲ ಎನ್ನುವನು. ಅವನು ತಲೆಯಾಡಿಸಿ ಒಳಗೆ ಹೋಗುವನು. ಹೀಗೆ ಮೂರು ವರ್ಷ.

ಒಂದು ಬುಧವಾರ ಅವನು ಕೇಳಲಿಲ್ಲ. ಮಳೆಯ ಬಗ್ಗೆಯೂ ಕೇಳಲಿಲ್ಲ. ಶರೀಫನ ಅರ್ಧ ಬೆರಳನ್ನು ನೋಡುತ್ತಾ ಕೂತಿದ್ದ. ಹೊತ್ತು ಮುಗಿಯಿತು ಎಂದು ಕಾವಲಿನವನು ಕರೆದಾಗ ಎದ್ದು, ಗೋಡೆ ಹಿಡಿದುಕೊಂಡು ಹೋದ. ಅವನಿಗೆ ವಾಸಿಯಾಗಿದೆ ಎಂದು ಶರೀಫನಿಗೆ ಅವತ್ತು ತಿಳಿಯಿತು. ವಾಸಿಯಾಗುವುದು ಅಂದರೆ ಏನು ಎಂದೂ ತಿಳಿಯಿತು. ಎರಡು ಸಲ ಚುಚ್ಚಿದ್ದು ಯಾರನ್ನು ಎಂದು ಆ ಹುಡುಗ ಅಷ್ಟು ವರ್ಷದ ಮೇಲೆ ಮೊದಲ ಬಾರಿಗೆ ಕಂಡಿದ್ದ. ಯಾರ ಮುಂದಾದರೂ ಅಳೋಣವೆಂದರೆ ಅವನಿಗೆ ಅಲ್ಲಿ ಯಾರೂ ಇರಲಿಲ್ಲ.

ಮರುವರ್ಷ ಡಾಕ್ಟರುಗಳೂ ಅದನ್ನೇ ಬರೆದರು. ಸಿರಿ ಒಂದು ಅರ್ಜಿ ತಂದುಕೊಟ್ಟಳು. ನೆಂಟರೇ ಆಗಬೇಕೆಂದಿಲ್ಲ, ಸ್ನೇಹಿತರೂ ಹೊಣೆ ಹೊರಬಹುದು ಎಂದಳು. ಹಾಳೆಯ ಕೊನೆಯಲ್ಲಿ ಹೆಸರಿಗೆ ಒಂದು ಗೆರೆ, ರುಜುವಿಗೆ ಒಂದು ಗೆರೆ.

ಮನೆಯಲ್ಲಿ ಮೊಮ್ಮಗಳು ಜಾರಾಗೆ ನಾಲ್ಕು ವರ್ಷ. ಸಾಬಿರಾ ಹಾಳೆಯನ್ನು ನೋಡಿ, ಅವನು ಮಾತ್ರೆ ಮರೆತ ದಿನ ಈ ಮಗು ಎಲ್ಲಿರುತ್ತೆ ಎಂದು ಕೇಳಿದಳು. ಶರೀಫ್ ಹಾಳೆಯನ್ನು ಹಾಗೇ ನಾಲ್ಕಾಗಿ ಮಡಿಸಿದ. ಅವಳು ಕೇಳದೆ ಇದ್ದರೂ ಅವನು ಸಹಿ ಹಾಕುತ್ತಿದ್ದನೋ ಇಲ್ಲವೋ. ಹಾರೋಹಳ್ಳಿಯ ಗೇಟಿಗೆ ಬೆನ್ನು ಹಾಕದೆ ನಿಂತವನೂ ಅವನೇ. ಕೋರ್ಟಿನಲ್ಲಿ ಹೇಳಿದ್ದೆಲ್ಲ ನಿಜ; ಆ ಹುಡುಗನಿಗೆ ಬೆನ್ನು ಕೊಟ್ಟು ಮರ ಎತ್ತಿಕೊಳ್ಳಲು ಆಗುವುದಿಲ್ಲ ಅನ್ನುವುದೂ ನಿಜ. ಎರಡನ್ನೂ ಹೊತ್ತುಕೊಂಡು ಅವನು ಇನ್ನೂ ಒಂದು ವರ್ಷ ಬುಧವಾರಗಳಿಗೆ ಹೋಗಿಬಂದ. ಬಾಗಿಲ ಬಳಿ ಹುಡುಗ ಏನಾದರೂ ಕೇಳಬಹುದೆಂದು ಕಾಯುತ್ತಿದ್ದ. ಅವನು ಏನೂ ಕೇಳುತ್ತಿರಲಿಲ್ಲ. ಕಳೆದ ಚಳಿಗಾಲದಲ್ಲಿ, ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಕಟ್ಟೆಯ ಮೇಲೆ ಕೂತವನು ಹಾಗೇ ಒರಗಿದ.

ಮೂರನೇ ದಿನ ಸರಸಮ್ಮ ಬಂದಳು. ನಾಲ್ಕು ಮನೆಯ ದೂರವನ್ನು ಐದು ವರ್ಷದ ಮೇಲೆ ನಡೆದು ಬಂದು, ಸಾಬಿರಾಳ ಪಕ್ಕ ಚಾಪೆಯ ಮೇಲೆ ಕೂತಳು. ಬಂದ ಹೆಂಗಸರೆಲ್ಲ ಹೋಗಲಿ ಎಂದು ಕಾದಳು. ಆಮೇಲೆ ಕೇಳಿದಳು.

"ಅವ್ನು ಈಗ ಹೆಂಗವ್ನೆ ಸಾಬಿರಮ್ಮ?"

ಎಂಟು ವರ್ಷದಲ್ಲಿ ಆ ಬೀದಿಯಲ್ಲಿ ಯಾರೂ ಕೇಳದ ಪ್ರಶ್ನೆ. ಅದಕ್ಕೆ ಉತ್ತರ ಗೊತ್ತಿದ್ದವನನ್ನು ಮಣ್ಣು ಮಾಡಿ ಮೂರು ದಿನವಾಗಿತ್ತು.

ತನಗೆ ಗೊತ್ತಿಲ್ಲ ಅಂದಳು ಸಾಬಿರಾ. ಅವರು ಏನೂ ಹೇಳುತ್ತಿರಲಿಲ್ಲ. ಒಂದು ದಿನ ಮಾತ್ರ ಬಂದು, ಊಟಕ್ಕೂ ಏಳದೆ ಗೋಡೆ ನೋಡುತ್ತಾ ಕೂತಿದ್ದರು. ಏನಾಯ್ತು ಎಂದರೆ ಒಂದೇ ಮಾತು: ಇವತ್ತು ಅವನು ಕೇಳಲಿಲ್ಲ. ಏನು ಕೇಳಲಿಲ್ಲ ಎಂದು ತನಗೆ ಅರ್ಥವಾಗಲಿಲ್ಲ.

ಸರಸಮ್ಮನಿಗೆ ಅರ್ಥವಾಯಿತು. ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತು ಆ ಪ್ರಶ್ನೆಯನ್ನು ಕೇಳಿಸಿಕೊಂಡಿದ್ದಳು. ಹುಡುಗ ತಲೆಯೆತ್ತಿದ್ದನ್ನೂ ನೋಡಿದ್ದಳು. ಅವಳು ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡು ಬಹಳ ಹೊತ್ತು ಕೂತಳು. ತೆರೆದ ಬಾಗಿಲಿನಿಂದ ಕೆಲಸದ ಮನೆ ಕಾಣುತ್ತಿತ್ತು. ಗೋಡೆಯ ಹಲಗೆಯಲ್ಲಿ ಹಸಿರು ಪಟ್ಟಿಯ ಉಳಿ ಇತ್ತು. ಅದರ ಹಿಂದೆ, ನಾಲ್ಕಾಗಿ ಮಡಿಸಿದ ಒಂದು ಹಾಳೆಯ ಅಂಚು.

ಹೊತ್ತು ಮುಳುಗಿ ಮಗ್ರಿಬ್ ನಮಾಜಿನ ಸಮಯಕ್ಕೆ ಅವಳು ಎದ್ದಳು. ಹೊಸಲಿನ ಹತ್ತಿರ ನಿಂತು ಚಪ್ಪಲಿ ಹುಡುಕುತ್ತಾ, ಹಿಂತಿರುಗಿ ನೋಡದೆ, ಕೇಳಿದಳು.

"ಅಲ್ಗೆ ಯಾವ ವಾರ ಹೋಗೋರು ಅಣ್ಣ?"

"ಬುಧವಾರ," ಅಂದಳು ಸಾಬಿರಾ. "ಎರಡನೇ ಬುಧವಾರ."